ಪಂಪು ಗೊತ್ತಿಲ್ಲದ ಓದುಗರು

ಮನೆಯವರೆಲ್ಲ ಕಡ್ಡಿ ಎಂದು ಕರೆಯುತ್ತಿದ್ದ ಹುಡುಗಿಯ ಹತ್ತಿರ ಒಂದು ಪಟ್ಟಿ ಇತ್ತು. ಬರೆದು ಹೊಟ್ಟೆ ಹೊರೆಯುವವರ ಪಟ್ಟಿ. ಕಾಲೇಜಿನ ಅರ್ಜಿ ಕೈಗೆ ಬಂದ ದಿನವೇ ಅದನ್ನು ಶುರುಮಾಡಿದ್ದಳು. ಅರ್ಜಿಯಲ್ಲಿ ಎರಡು ಖಾನೆ: ಮುಖ್ಯ ವಿಷಯ ಒಂದು, ಜೊತೆ ವಿಷಯ ಒಂದು. ಕೆಳಗೆ ತಂದೆಯ ಸಹಿ. ಕೊಡಲು ಸೋಮವಾರ ಕೊನೆ ದಿನ. ಬರವಣಿಗೆಯಿಂದಲೇ ಬದುಕಬೇಕು ಎಂದು ಅವಳು ಒಂಬತ್ತನೇ ತರಗತಿಯಲ್ಲೇ ತೀರ್ಮಾನಿಸಿ ಆಗಿತ್ತು. ಹಾಗೆ ಬದುಕುತ್ತಿರುವವರು ಏನು ಓದಿದ್ದರು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ಅವಳಿಗೆ ಸಂಕೋಚವಿರಲಿಲ್ಲ. ಮೈಯಲ್ಲಿ ಇಲ್ಲದ ದಪ್ಪವೆಲ್ಲ ಅವಳ ಧ್ವನಿಯಲ್ಲಿತ್ತು.

ಮೊದಲು ಪತ್ರಿಕಾ ಕಚೇರಿಗೆ ಹೋದಳು. ಅಲ್ಲಿನ ಉಪಸಂಪಾದಕ ಓದಿದ್ದು ರಸಾಯನಶಾಸ್ತ್ರ. ಸಾಬೂನಿನ ಜಾಹೀರಾತು ಬರೆಯುವ ಹೆಂಗಸು ಓದಿದ್ದು ಅರ್ಥಶಾಸ್ತ್ರ. ನೋಂದಣಿ ಕಚೇರಿಯ ಮುಂದೆ ಛತ್ರಿ ಹಾಕಿಕೊಂಡು ಮನವಿ ಬರೆದುಕೊಡುವ ಮುದುಕರು ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವರು. ಅದನ್ನು ಅವರು ಬಿರುದಿನಂತೆ ಹೇಳಿಕೊಂಡರು. “ನಾನು ಬರೆದದ್ದಕ್ಕೆ ಸರ್ಕಾರವೇ ಉತ್ತರ ಬರೆಯುತ್ತೆ ತಾಯಿ. ಯಾವ ಕವಿಗೆ ಬರೆಯುತ್ತೆ ಹೇಳು?”

ಎತ್ತು ಏರಿಗೆ, ಕೋಣ ನೀರಿಗೆ. ಮೂವರೂ ಒಪ್ಪಿದ್ದು ಒಂದೇ ಮಾತಿಗೆ: ನಾನು ಓದಿದ್ದನ್ನು ಮಾತ್ರ ನೀನು ಓದಬೇಡ.

ಗುರುವಾರ ಸಂಜೆ ಊಟದ ಮೇಜಿನ ಮೇಲೆ ಅರ್ಜಿ ಬಿಚ್ಚಿಕೊಂಡಿತು. ಅಪ್ಪ ನಗರ ಸಾರಿಗೆಯ ಬಸ್ ಚಾಲಕ. ಇಪ್ಪತ್ತು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವನು. ಎಲ್ಲಿ ಹೊಂಡ, ಎಲ್ಲಿ ತಿರುವು ಎಂದು ಮೊದಲೇ ಗೊತ್ತಿರದ ದಾರಿ ಅವನಿಗೆ ದಾರಿಯೇ ಅಲ್ಲ.

“ಸಾಹಿತ್ಯ ಓದಿ ಏನು ಮಾಡ್ತೀಯ?” ಎಂದ.

“ಬರೀತೀನಿ.”

“ಅದು ಗೊತ್ತಾಯ್ತು. ಕೆಲಸ ಏನು ಮಾಡ್ತೀಯ ಅಂತ ಕೇಳ್ತಿರೋದು.”

“ಅದೇ ಕೆಲಸ ಅಪ್ಪ.”

“ವಾಣಿಜ್ಯ ಓದು. ಬರೆಯೋರನ್ನ ಯಾರೂ ತಡೆದಿಲ್ಲ, ಭಾನುವಾರ ಬರೀ. ಬರೆದದ್ದಕ್ಕೆ ತಿಂಗಳು ತಿಂಗಳು ಸಂಬಳ ಕೊಡೋರು ಎಲ್ಲಿದ್ದಾರೆ? ಒಬ್ಬರನ್ನ ತೋರಿಸು.”

ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಅವತ್ತು ಎರಡನೇ ಪಾಳಿಯಲ್ಲಿದ್ದಳು; ಇದ್ದಿದ್ದರೆ ಇಬ್ಬರನ್ನೂ ಒಂದೇ ಮಾತಿನಲ್ಲಿ ಕೂರಿಸುತ್ತಿದ್ದಳು. ಅಜ್ಜಿ ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದಳು. ಉಳಿದವಳು ಅತ್ತೆ, ಅಪ್ಪನ ಅಕ್ಕ. ಎರಡು ಬೀದಿ ಆಚೆ ಒಬ್ಬಳೇ ಇರುವವಳು, ವಾರಕ್ಕೊಮ್ಮೆ ತಾಯಿಯನ್ನು ನೋಡಲು ಬರುವವಳು, ಪಂಪಿನ ಕಾರ್ಖಾನೆಯಲ್ಲಿ ಏನೋ ಕೆಲಸ ಮಾಡುವವಳು. ಆ ‘ಏನೋ’ ಏನು ಎಂದು ಈ ಮನೆಯಲ್ಲಿ ಯಾರೂ ಕೇಳಿದವರಲ್ಲ.

“ನನಗೆ ಕೊಡ್ತಾರೆ,” ಎಂದಳು ಅತ್ತೆ. “ಇಪ್ಪತ್ತೆರಡು ವರ್ಷದಿಂದ.”

“ಏನಕ್ಕೆ?”

“ಬರೆಯೋದಕ್ಕೆ. ಪಂಪಿನ ಡಬ್ಬದಲ್ಲಿ ಒಂದು ತೆಳು ಪುಸ್ತಕ ಇರುತ್ತಲ್ಲ, ಹೇಗೆ ಕೂರಿಸಬೇಕು, ಹೇಗೆ ಓಡಿಸಬೇಕು ಅಂತ. ಅದು ನನ್ನದು.”

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. “ಅದನ್ನ ಯಾರು ಓದ್ತಾರಕ್ಕ?”

“ನಿನ್ನಂಥವರು. ಪಂಪು ಸುಟ್ಟ ಮೇಲೆ.”

ಅಜ್ಜಿ ತಲೆಯೆತ್ತಿದಳು. “ನೀನು ಲೆಕ್ಕ ಬರೆಯೋಳು ಅಂದುಕೊಂಡಿದ್ದೆ ನಾನು.”

“ಕೇಳಿದ್ರೆ ಹೇಳ್ತಿದ್ದೆ ಅಮ್ಮ. ಹಿತ್ತಲ ಗಿಡ ಮದ್ದಲ್ಲ.”

ಕಡ್ಡಿ ಪಟ್ಟಿಯ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದಳು. ಊರೆಲ್ಲ ಸುತ್ತಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು. “ಅತ್ತೆ, ನೀವು ಏನು ಓದಿದ್ದು?”

“ಸಸ್ಯಶಾಸ್ತ್ರ.”

“ಪಂಪಿಗೂ ಗಿಡಕ್ಕೂ ಏನು ಸಂಬಂಧ?”

“ಎರಡಕ್ಕೂ ನೀರು ಬೇಕು. ಬಿಡು, ಅದೊಂದು ದೊಡ್ಡ ಕತೆ. ಈಗ ನನಗೊಂದು ಕಷ್ಟ ಬಂದಿದೆ.” ಅತ್ತೆ ತಮ್ಮನ ಕಡೆ ತಿರುಗಿದಳು. “ನಾನು ಬರೆದದ್ದನ್ನ ಅಚ್ಚಿಗೆ ಕಳಿಸೋ ಮುಂಚೆ ಪಂಪು ಗೊತ್ತಿಲ್ಲದ ಒಬ್ಬರ ಕೈಗೆ ಕೊಡ್ತೀವಿ. ಅವರು ಓದಬೇಕು, ಬರೆದ ಹಾಗೆ ಮಾಡಬೇಕು, ನೀರು ಮೇಲೆ ಹತ್ತಬೇಕು. ಒಂದು ಸಲ ಓದಿದವರು ಆಮೇಲೆ ಕೆಲಸಕ್ಕೆ ಬರಲ್ಲ, ಗೊತ್ತಾಗಿಬಿಡುತ್ತಲ್ಲ. ಕಾವಲುಗಾರ, ಕ್ಯಾಂಟೀನಿನವರು, ಗುಮಾಸ್ತರು, ಲಾರಿ ಡ್ರೈವರುಗಳು ಎಲ್ಲರೂ ಮುಗಿದರು. ಕಾರ್ಖಾನೆಯಲ್ಲಿ ಒಬ್ಬ ಅಜ್ಞಾನಿಯೂ ಉಳಿದಿಲ್ಲ. ನೀನು ಯಾವತ್ತಾದರೂ ಪಂಪು ಓಡಿಸಿದ್ದೀಯಾ?”

“ಇಲ್ಲ. ಕಟ್ಟಡದ ಕಾವಲಿನವನೇ ಸ್ವಿಚ್ ಹಾಕೋದು.”

“ಬಂಗಾರದಂಥ ಮನುಷ್ಯ. ಶನಿವಾರ ರಜೆ ತಾನೇ? ಬಾ. ಕಡ್ಡಿ ಬರೀಲಿ, ನೀನು ಓದು.”

ಪಂದ್ಯ ಅಲ್ಲೇ ಕಟ್ಟಿದರು. ಕಡ್ಡಿ ಬರೆದದ್ದನ್ನು ಓದಿ ಅಪ್ಪ ನೀರು ಏರಿಸಿದರೆ ಮುಖ್ಯ ವಿಷಯ ಸಾಹಿತ್ಯ, ಸಹಿ ಹಾಕಲು ತಕರಾರಿಲ್ಲ. ಏರಿಸಲಾಗದಿದ್ದರೆ ವಾಣಿಜ್ಯ, ಮುಖ ಊದಿಸಿಕೊಳ್ಳುವಂತಿಲ್ಲ. ಅಪ್ಪ ಕೈ ತೊಳೆದು ಬಂದು ಮಗಳ ಕೈ ಕುಲುಕಿದ. ಒದ್ದೆ ಕೈ.

ಶುಕ್ರವಾರ ಅತ್ತೆ ಅವಳನ್ನು ಕಾರ್ಖಾನೆಗೆ ಕರೆದೊಯ್ದು ಹೊಸ ಪಂಪಿನ ಮುಂದೆ ಬಿಟ್ಟಳು. ಇಂಜಿನಿಯರು ಕೊಟ್ಟ ಒಂದು ಹಾಳೆಯನ್ನೂ ಕೈಗಿತ್ತಳು. ಕಡ್ಡಿ ಪಂಪಿನ ಜೊತೆ ಹತ್ತು ನಿಮಿಷ ಇದ್ದಳು, ಕಾಗದದ ಜೊತೆ ಮೂರು ಗಂಟೆ. ಪಂಪಿನಲ್ಲಿ ನೋಡುವುದಕ್ಕೆ ಏನಿದೆ? ಹೊಟ್ಟೆ ಉಬ್ಬಿದ ಒಂದು ಕಬ್ಬಿಣದ ತುಂಡು, ಒಂದು ಕಡೆ ನೀರು ಎಳೆಯುವ ಕೊಳವೆ, ಇನ್ನೊಂದು ಕಡೆ ತಳ್ಳುವ ಕೊಳವೆ, ನೆತ್ತಿಯ ಮೇಲೆ ಒಂದು ಮುಚ್ಚಳ. ಆ ಮುಚ್ಚಳ ತೆಗೆದು ಮೊದಲು ಪಂಪಿನ ಹೊಟ್ಟೆಗೇ ನೀರು ಹೊಯ್ಯಬೇಕು, ಇಲ್ಲದಿದ್ದರೆ ಅದು ನೀರು ಎಳೆಯುವುದಿಲ್ಲ, ಒಣಗಿ ಓಡಿ ಸುಟ್ಟುಹೋಗುತ್ತದೆ ಎಂದು ಇಂಜಿನಿಯರು ಬರೆದಿದ್ದರು. ನೀರು ಎತ್ತುವ ಯಂತ್ರಕ್ಕೇ ಮೊದಲು ನೀರು ಕುಡಿಸಬೇಕು! ಇದು ಅವಳಿಗೆ ಬಹಳ ಹಿಡಿಸಿತು. ಇಂಥ ಮಾತನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಿತ್ತು. ಒಳ್ಳೆಯ ಬರಹ ತನ್ನ ಗುಟ್ಟನ್ನು ಕೊನೆಯ ಸಾಲಿನವರೆಗೆ ಬಿಟ್ಟುಕೊಡುವುದಿಲ್ಲ ಎಂದು ಭಾಷೆಯ ಮೇಷ್ಟ್ರು ಮೂರು ವರ್ಷ ಹೇಳಿಕೊಟ್ಟಿದ್ದರು. ಆ ಮಾತು ಪಾಲಿಸಿಯೇ ಅವಳು ಎರಡು ಬಹುಮಾನ ಗೆದ್ದಿದ್ದಳು.

ಶನಿವಾರ ಪರೀಕ್ಷೆ. ಅದರ ಕೋಣೆ ಕಾರ್ಖಾನೆಯ ಹಿಂಬದಿಯಲ್ಲಿತ್ತು. ಸಿಮೆಂಟಿನ ನೆಲ, ಗೋಡೆಯುದ್ದಕ್ಕೂ ಒಂದು ಕಟ್ಟೆ, ಅದರ ಮೇಲೆ ಒಂದೇ ಥರದ ಆರು ಪಂಪು, ಒಂದೊಂದರ ಕೆಳಗೂ ನೀರಿನ ಡ್ರಮ್ಮು, ಸೂರಿನ ಹತ್ತಿರ ಒಂದು ಟ್ಯಾಂಕು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆದಿತ್ತು. ಬರೆದವರು ಅದರೊಳಗೆ ನಿಲ್ಲಬೇಕು. ಕೈ ಬೆನ್ನ ಹಿಂದೆ, ಬಾಯಿಗೆ ಬೀಗ. ಕೆಮ್ಮಿದರೂ ಪರೀಕ್ಷೆ ರದ್ದು.

“ಕೆಮ್ಮಿದ್ರೆ ಯಾಕೆ?” ಎಂದಳು ಕಡ್ಡಿ.

“ಕೆಮ್ಮಿ ಕೆಮ್ಮಿ ಸನ್ನೆ ಮಾಡ್ತಿದ್ದ ಒಬ್ಬ ಇದ್ದ ಇಲ್ಲಿ. ಹೋಗು, ನಿಂತ್ಕೋ. ಪಂಪು ಕೊಂಡವನ ಮನೆಗೆ ನೀನು ಹೋಗಿ ನಿಲ್ಲೋಕಾಗಲ್ಲ.” ಆಮೇಲೆ ತಮ್ಮನಿಗೆ, “ಬರೆದದ್ದನ್ನ ಮಾತ್ರ ಮಾಡು. ನಿನ್ನ ತಲೆ ಓಡಿಸಬೇಡ.”

“ಅದು ಸುಲಭ,” ಎಂದ ಅಪ್ಪ.

ಅಜ್ಜಿಯೂ ಜೊತೆಗೆ ಬಂದಿದ್ದಳು, ಮೊಮ್ಮಗಳು ಸೋಲುವುದನ್ನು ಕಣ್ಣಾರೆ ನೋಡಬೇಕೆಂದು. ಆದರೆ ಒಳಗಿನ ಸದ್ದು ಕೇಳಿ ತಲೆನೋವೆಂದು ಗೇಟಿನ ಕಾವಲುಗಾರನ ಕುರ್ಚಿ ಕಿತ್ತುಕೊಂಡು ಹೊರಗೇ ಕೂತಳು.

ಅಪ್ಪ ಕನ್ನಡಕ ಹಾಕಿಕೊಂಡು ಓದತೊಡಗಿದ. ಮಗಳು ಬರೆದದ್ದನ್ನು ಅವನು ಓದುತ್ತಿದ್ದುದು ಅದೇ ಮೊದಲು ಎಂಬುದು ಕಡ್ಡಿಗೆ ಆಗ ಹೊಳೆಯಿತು. ಬಹುಮಾನದ ಪತ್ರಗಳನ್ನು ಗೋಡೆಗೆ ಮೊಳೆ ಹೊಡೆದು ಹಾಕಿದ್ದವನು ಅವನೇ. ಬಹುಮಾನ ಬಂದ ಕತೆಗಳನ್ನು ಮುಟ್ಟಿರಲಿಲ್ಲ.

ಅವನು ಓದುವುದು ಬಸ್ಸು ಓಡಿಸಿದ ಹಾಗೆ. ಪ್ರತಿ ಸಾಲಿಗೂ ನಿಲ್ಲುವುದು, ಇಳಿಯುವವರು ಇಳಿದರೇ ಎಂದು ನೋಡುವುದು, ಆಮೇಲೆ ಮುಂದೆ. ಎಳೆಯುವ ಕೊಳವೆಯನ್ನು ಡ್ರಮ್ಮಿಗೆ ಇಳಿಸಿದ. ತಳ್ಳುವ ಕೊಳವೆಯ ನಲ್ಲಿ ತೆರೆದ. ಏಳನೇ ಸಾಲಿನಲ್ಲಿ ಯಾಕೋ ಬಹಳ ಹೊತ್ತು ನಿಂತ. ಮತ್ತೆ ಹಿಂದಕ್ಕೆ ಹೋಗಿ ಅದನ್ನೇ ಓದಿದ. ಅತ್ತೆ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡಳು. ಆಮೇಲೆ ಅವನು ಸ್ವಿಚ್ ಹಾಕಿದ.

ಪಂಪು ಗುಂಯ್ ಎಂದಿತು. ನೀರು ಬರಲಿಲ್ಲ.

ಅಪ್ಪ ಹಾಳೆ ನೋಡಿದ. ‘ಒಳ್ಳೆಯದು ಬರುವುದು ಯಾವಾಗಲೂ ತಡವಾಗಿಯೇ. ತಾಳ್ಮೆಯಿಂದ ಕಾಯಿರಿ’ ಎಂದಿತ್ತು. ಅವನು ಕೈಕಟ್ಟಿ ತಾಳ್ಮೆಯಿಂದ ಕಾದ. ಒಂದು ನಿಮಿಷ. ಎರಡು. ಗುಂಯ್ ಎನ್ನುವುದು ಕೀಂ ಎಂದಾಯಿತು. ಕಡ್ಡಿ ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದರ ಬೆರಳು ಹಿಂಡಿಕೊಂಡಳು. ಅತ್ತೆಯ ಮುಖ ನೋಡಿದಳು. ಅತ್ತೆ ಗಡಿಯಾರ ನೋಡುತ್ತಿದ್ದಳು. ಮನುಷ್ಯರಿಗೆ ಅಪಾಯವಾದರೆ ಮಾತ್ರ ತಡೆಯುವುದು ಅಲ್ಲಿನ ನಿಯಮ. ಪಂಪು ಸತ್ತರೆ ಸಾಯಲಿ. ಮೂರನೇ ನಿಮಿಷಕ್ಕೆ ರಬ್ಬರು ಸುಟ್ಟ ವಾಸನೆ ಬಂತು. ಅಪ್ಪ ನಿಧಾನವಾಗಿ ಹಾಳೆ ತಿರುಗಿಸಿದ. ಹಿಂಬದಿಯಲ್ಲಿ ಎರಡೇ ಸಾಲು. ಅವನ್ನು ಅವನು ಗಟ್ಟಿಯಾಗಿ ಓದಿದ:

“ಇಷ್ಟೆಲ್ಲ ಮಾಡುವ ಮೊದಲು ಒಂದು ಮಾತು: ನೀರೆತ್ತುವ ಈ ಯಂತ್ರಕ್ಕೂ ದಾಹವಿದೆ. ನೀರು ಕುಡಿಸದೆ ಓಡಿಸಿದರೆ ಅದು ತನ್ನನ್ನೇ ಸುಟ್ಟುಕೊಳ್ಳುತ್ತದೆ.”

ಅತ್ತೆ ಎದ್ದು ಸ್ವಿಚ್ ಆರಿಸಿದಳು.

“ಇದನ್ನ ಮೊದಲೇ ಹೇಳಬಾರದಿತ್ತಾ?” ಎಂದ ಅಪ್ಪ.

“ಕೊನೆಗಿದ್ರೆ ಚೆನ್ನಾಗಿರುತ್ತೆ ಅಂತ...”

“ಚೆನ್ನಾಗೇ ಇದೆ. ಓದಿ ಮೈ ಜುಂ ಅಂತು. ಪಂಪು ಹೋಯ್ತು.”

ಅತ್ತೆ ನಗು ತಡೆಯಲಾಗದೆ ಕಟ್ಟೆ ಹಿಡಿದುಕೊಂಡಳು. “ಇಪ್ಪತ್ತೆರಡು ವರ್ಷದಲ್ಲಿ ಎಲ್ಲಾ ಥರದ ತಪ್ಪೂ ನೋಡಿದ್ದೀನಿ. ಗುಟ್ಟು ಮುಚ್ಚಿಟ್ಟು ಪಂಪು ಸುಟ್ಟವರನ್ನ ನೋಡಿರಲಿಲ್ಲ.”

“ನನಗೆ ಅನುಮಾನ ಬಂದಿತ್ತು,” ಎಂದ ಅಪ್ಪ. “ಬಸ್ಸಿಗೂ ನೀರು ಹಾಕಿಯೇ ಹೊರಡೋದು. ಇದಕ್ಕೆ ಬೇಡವಾ ಅಂದುಕೊಂಡೆ. ಆದರೆ ಬರೆದಿರಲಿಲ್ಲ. ತಲೆ ಓಡಿಸಬೇಡ ಅಂತ ನೀನೇ ಅಂದಿದ್ದೆಯಲ್ಲಕ್ಕ.”

ಸೋತದ್ದು ಅಂಗೈ ಹುಣ್ಣಿನಷ್ಟು ಸ್ಪಷ್ಟ, ಕನ್ನಡಿ ಬೇಕಿರಲಿಲ್ಲ. ಕಡ್ಡಿ ಚೌಕದಿಂದ ಹೊರಬಂದಳು. ಅಳು ಬರಬಹುದು ಎಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ಒಂದು ಪ್ರಶ್ನೆ.

“ಏಳನೇ ಸಾಲಿಗೆ ಯಾಕೆ ನಿಂತೆ?”

“ಯಾವುದು? ಹಾಂ, ಕೊಳವೆಯಲ್ಲಿ ನೀರು ಬಸ್ಸಿಗೆ ಕಾಯೋ ಜನರ ಹಾಗೆ ಸಾಲಾಗಿ ನಿಂತಿರುತ್ತೆ ಅಂತ ಬರೆದಿದ್ದೀಯಲ್ಲ. ತಪ್ಪು ಅದು. ಬಸ್ಸಿಗೆ ಯಾರೂ ಸಾಲಾಗಿ ನಿಲ್ಲಲ್ಲ. ಬಸ್ಸು ಕಾಣೋ ತನಕ ಚೆದುರಿ ನಿಂತಿರ್ತಾರೆ, ಕಂಡ ಕೂಡಲೇ ಒಂದೇ ಮುದ್ದೆ. ನೀನು ಯಾವಾಗಲೂ ಕೊನೆ ಸೀಟಲ್ಲಿ ಪುಸ್ತಕ ಹಿಡಿದು ಕೂರ್ತೀಯ, ನಿನಗೇನು ಗೊತ್ತು.”

ಅವಳು ಪೆನ್ನು ತೆಗೆದು ಅದನ್ನು ಅಂಗೈ ಮೇಲೆ ಬರೆದುಕೊಂಡಳು. ಆಮೇಲೆ ಅತ್ತೆಯ ಕೈಯ ನೋಟ್‌ಬುಕ್ಕಿನ ಕಡೆ ನೋಡಿದಳು. “ಅದರಲ್ಲಿ ಏನಿದೆ?”

ಅತ್ತೆ ಕೊಟ್ಟಳು. ಇಪ್ಪತ್ತೆರಡು ವರ್ಷದ ಓದುಗರು ಅದರಲ್ಲಿದ್ದರು. ‘ಅಡುಗೆಯವಳು: ಚಿತ್ರ ನೋಡಿದಳು, ಪಕ್ಕದ ಸಾಲು ನೋಡಲಿಲ್ಲ.’ ‘ಗುಮಾಸ್ತ: ಎಚ್ಚರಿಕೆ ಎಂಬ ಪದ ಕಂಡ ಕೂಡಲೇ ಪುಟ ತಿರುಗಿಸಿದ.’ ‘ಲಾರಿಯವನು: ಎಡಕ್ಕೆ ಅಂದರೆ ಯಾರ ಎಡಕ್ಕೆ ಎಂದು ಬೈದ. ಅವನದೇ ಸರಿ.’ ‘ಕೈಯಲ್ಲಿ ಚೊಂಬು ಇದ್ದಾಗ ಎಲ್ಲರೂ ಒಂದು ಸಾಲು ಹಾರಿಸುತ್ತಾರೆ. ನಾಲ್ಕನೇ ಸಲ ನೋಡುತ್ತಿರುವುದು. ಯಾಕೆ?’ ಕಡ್ಡಿ ನಿಂತಲ್ಲೇ ಹದಿನೈದು ಪುಟ ಓದಿದಳು. ಗ್ರಂಥಾಲಯದಿಂದ ತಂದ ಎಷ್ಟೋ ಕಾದಂಬರಿಗಳಲ್ಲಿ ಇಷ್ಟು ಜನ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

“ಇನ್ನೊಂದು ಸಲ ಬರೀತೀನಿ,” ಎಂದಳು.

“ಪಂದ್ಯ ಮುಗೀತು,” ಎಂದ ಅಪ್ಪ.

“ಪಂದ್ಯಕ್ಕಲ್ಲ. ವಾಣಿಜ್ಯ ಅಂತಲೇ ಬರೀತೀನಿ ಬಿಡು, ಕೊಟ್ಟ ಮಾತು. ಇದು ಹೀಗೇ ಬಿಟ್ಟು ಬರೋಕೆ ಆಗಲ್ಲ.”

“ಓದೋರು ಯಾರು?” ಎಂದಳು ಅತ್ತೆ. “ಇವನು ಕೆಟ್ಟ. ಈಗ ಇವನಿಗೆ ಗೊತ್ತು.”

ಮೂವರೂ ಒಟ್ಟಿಗೆ ಗೇಟಿನ ಕಡೆ ನೋಡಿದರು.

ಈ ಸಲ ಅವಳು ಕಾಗದ ಮುಟ್ಟುವ ಮೊದಲು ಎರಡನೇ ಪಂಪಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. ಬೆರಳು ಒಳಗಿಟ್ಟಳು. ನೀರು ಹೊಯ್ದು ನೋಡಿದಳು; ತುಂಬಿತು ಎನ್ನುವಷ್ಟರಲ್ಲಿ ಗುಳುಗುಳು ಎಂದು ಕೆಳಗಿಳಿಯಿತು. ಮತ್ತೆ ಹೊಯ್ದಳು. ಚೊಂಬು ಹಿಡಿದಾಗ ತನ್ನ ಕಣ್ಣೂ ಹಾಳೆ ಬಿಟ್ಟು ಚೊಂಬಿನ ಮೇಲೇ ಇರುತ್ತದೆ ಎಂದು ಕಂಡುಕೊಂಡಳು. ನೀರು ಬಸಿದು ಪಂಪು ಒಣಗಿಸಿದ ಮೇಲೆ ಹನ್ನೊಂದು ಸಾಲು ಬರೆದಳು. ಒಂದರಲ್ಲೂ ದಾಹವಿಲ್ಲ, ಬಸ್ಸಿಲ್ಲ. ಮುಚ್ಚಳ ಎಂಬ ಪದವೇ ಆರು ಸಲ. ಭಾಷೆಯ ಮೇಷ್ಟ್ರು ನೋಡಿದ್ದರೆ ಕೆಂಪು ಶಾಯಿಯ ಬಾಟಲಿಯೇ ಖಾಲಿಯಾಗುತ್ತಿತ್ತು.

ಅಜ್ಜಿ ಬಂದಳು. ಓದಿದ್ದು ನಾಲ್ಕನೇ ತರಗತಿ, ಓದುವುದು ಬೆರಳಿನಿಂದ.

“ನಾನ್ಯಾಕೆ? ಕಾವಲುಗಾರನಿಗೆ ಹೇಳಬಾರದಾ?”

“ಅವನು ಆರು ವರ್ಷದ ಹಿಂದೆಯೇ ಮುಗಿದ ಅಮ್ಮ.”

“ಅಯ್ಯೋ, ಈಗ ತಾನೇ ಚೆನ್ನಾಗಿ ಮಾತಾಡ್ತಿದ್ದನಲ್ಲ!”

ಕಡ್ಡಿ ಹಳದಿ ಚೌಕಕ್ಕೆ ಹೋಗಿ ನಿಂತಳು. ಅಜ್ಜಿಯ ಬೆರಳು ಮೊದಲ ಸಾಲಿನ ಕೆಳಗೆ ತೆವಳಿತು. ‘ಮೊದಲು ಪಂಪಿಗೆ ನೀರು ತುಂಬಿಸಿ. ತುಂಬಿಸದೆ ಸ್ವಿಚ್ ಹಾಕಬೇಡಿ.’ ಅಜ್ಜಿ ಮುಚ್ಚಳ ಬಿಚ್ಚಿದಳು. ಒಂದು ಚೊಂಬು ಹೊಯ್ದಳು, ಇನ್ನೊಂದು ಹೊಯ್ದಳು. ನೀರು ಬಾಯಿಯವರೆಗೆ ಬಂತು. ಗುಳುಗುಳು ಎಂದು ಇಳಿಯಿತು. “ಕಳ್ಳ,” ಎಂದಳು ಪಂಪಿಗೆ. ಬೆರಳನ್ನು ಹಿಂದಿನ ಸಾಲಿಗೆ ಒಯ್ದಳು: ‘ನೀರು ಕೆಳಗಿಳಿದರೆ ಮತ್ತೆ ಹೊಯ್ಯಿರಿ.’ ಹೊಯ್ದಳು. ಆಮೇಲೆ ಚೊಂಬು ಹಿಡಿದುಕೊಂಡೇ ‘ಮುಚ್ಚಳ ಹಾಕಿ ಬಿಗಿಮಾಡಿ’ ಎಂಬ ಸಾಲನ್ನು ಸರಾಗವಾಗಿ ದಾಟಿ ಸ್ವಿಚ್ಚಿನ ಕಡೆ ನಡೆದಳು.

ಗೋಡೆಗೊರಗಿ ನಿಂತ ಅಪ್ಪ ಪಂಪನ್ನು ನೋಡುತ್ತಿರಲಿಲ್ಲ, ಕಡ್ಡಿಯನ್ನು ನೋಡುತ್ತಿದ್ದ. ಹುಟ್ಟಿದ ಮೇಲೆ ಈ ಹುಡುಗಿ ಎಚ್ಚರವಾಗಿದ್ದು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವನು ಕಂಡಿರಲಿಲ್ಲ.

ಸ್ವಿಚ್ಚಿನ ಹತ್ತಿರ ಹೋಗಿ ಅಜ್ಜಿ ಮತ್ತೆ ಹಾಳೆಗೆ ಬೆರಳಿಟ್ಟಳು. ‘ಚೊಂಬು ಕೆಳಗಿಡಿ. ಮುಚ್ಚಳವನ್ನು ಕೈಯಿಂದ ಮುಟ್ಟಿ, ಅಲುಗುತ್ತಿಲ್ಲ ಎಂದು ನೋಡಿ.’ ಚೊಂಬು ಕೆಳಗಿಟ್ಟಳು. ಮುಟ್ಟಲು ಹೋದರೆ ಅಲ್ಲಿ ಮುಚ್ಚಳವೇ ಇಲ್ಲ. “ಎಲ್ಲಿ ಹೋಯ್ತು ಮುಂಡೇದು?” ಕಟ್ಟೆಯ ಮೇಲೆ ಹುಡುಕಿ ತಂದು ಹಾಕಿ, ಸೆರಗಿನಿಂದ ಹಿಡಿದು ಬಿಗಿಮಾಡಿದಳು. ನಲ್ಲಿ ತೆರೆದಳು. ಸ್ವಿಚ್ ಹಾಕಿದಳು.

ಸೂರಿನ ಟ್ಯಾಂಕಿನಲ್ಲಿ ನೀರು ಬಿದ್ದ ಸದ್ದು ಕೇಳಿಸಿತು.

“ಇದೇನು ಮಹಾ,” ಎಂದಳು ಅಜ್ಜಿ. “ಬರೆದಿದೆಯಲ್ಲ.”

ಅತ್ತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಪ್ಪ ಜೇಬಿನಿಂದ ಅರ್ಜಿ ತೆಗೆದು, ಕಟ್ಟೆಯ ಒಣ ಜಾಗ ನೋಡಿ ಹರಡಿ, ಸಹಿ ಹಾಕಿದ. ಖಾನೆಗಳು ಖಾಲಿಯೇ ಇದ್ದವು.

“ನೀನೇ ತುಂಬಿಸ್ಕೋ.”

“ನಾನು ಸೋತೆನಲ್ಲ?”

“ಲೈಸೆನ್ಸ್ ನನಗೂ ಎರಡನೇ ಸಲಕ್ಕೇ ಸಿಕ್ಕಿದ್ದು. ಮೊದಲನೇ ಸಲ ಪರೀಕ್ಷೆ ಅಧಿಕಾರಿಯ ಸ್ಕೂಟರಿಗೇ ಗುದ್ದಿದ್ದೆ.” ಅರ್ಜಿಯನ್ನು ಅವಳ ಕಡೆ ತಳ್ಳಿ, “ಅದನ್ನ ಬರೀಬೇಡ,” ಎಂದ.

ಕಡ್ಡಿ ಮೊದಲ ಖಾನೆಯಲ್ಲಿ ಸಾಹಿತ್ಯ ಎಂದು ಬರೆದಳು. ಎರಡನೆಯದಕ್ಕೆ ಬಂದು ನಿಂತಳು. ಈ ಖಾನೆಯ ಬಗ್ಗೆ ಮನೆಯಲ್ಲಿ ಜಗಳವೇ ಆಗಿರಲಿಲ್ಲ. ಇತಿಹಾಸವೋ ಇನ್ನೊಂದೋ, ಸುಲಭವಾದದ್ದು ಯಾವುದೋ ಒಂದು ಎಂದುಕೊಂಡಿದ್ದಳು.

“ಅತ್ತೆ, ಮೊದಲು ನೀರು ಹೊಯ್ಯದಿದ್ರೆ ಪಂಪು ಯಾಕೆ ನೀರು ಎಳೆಯಲ್ಲ?”

“ಒಳಗೆ ಗಾಳಿ ಇರುತ್ತೆ.”

“ಗಾಳಿ ಇದ್ರೆ ಯಾಕೆ ಎಳೆಯಲ್ಲ?”

“ಅದು ಇಂಜಿನಿಯರಿಗೆ ಗೊತ್ತು. ನಾನು ಇಪ್ಪತ್ತೆರಡು ವರ್ಷದಿಂದ ಹಾಗೇ ಬರೆದುಕೊಂಡು ಬಂದಿದ್ದೀನಿ.”

“ಕೇಳಲಿಲ್ವಾ?”

“ಮೊದಲ ವರ್ಷ ಕೇಳಿದ್ದೆ. ಹೇಳಿದ್ದು ಅರ್ಥ ಆಗಲಿಲ್ಲ. ಆಮೇಲೆ ನಾಚಿಕೆ ಆಯ್ತು.”

ಕಡ್ಡಿ ಭೌತಶಾಸ್ತ್ರ ಎಂದು ಬರೆದಳು. ಅಪ್ಪ ಭುಜದ ಮೇಲಿಂದ ಇಣುಕಿ ನೋಡಿ ಗಾಬರಿಯಾದ.

“ಅದರಲ್ಲಿ ನಿನಗೆ ನಲವತ್ತೊಂದು! ನಲವತ್ತೊಂದಕ್ಕೆ ಯಾರು ಸೀಟು ಕೊಡ್ತಾರೆ?”

“ಕೊಡಲ್ಲ ಅಂತ ಎಲ್ಲಿ ಬರೆದಿದೆ? ಸೋಮವಾರ ಕೇಳ್ತೀನಿ.”

“ಕೊಟ್ಟರೂ ಪಾಸಾಗಬೇಕಲ್ಲ.”

“ಆಗದಿದ್ರೆ ಎರಡನೇ ಸಲ,” ಎಂದಳು ಅಜ್ಜಿ. ಎರಡನೇ ಸಲ ಎಂಬುದು ಬಿಟ್ಟರೆ ಅವಳಿಗೆ ಏನು ನಡೆಯುತ್ತಿದೆ ಎಂದು ಸರಿಯಾಗಿ ತಿಳಿದಿರಲಿಲ್ಲ.

ಸುಟ್ಟ ಪಂಪನ್ನು ಬಿಚ್ಚಲು ಮೆಕ್ಯಾನಿಕ್ ಬಂದಿದ್ದ. ಒಳಗಿನ ಸೀಲನ್ನು, ಎಂದರೆ ನೀರು ಹೊರಗೆ ಸೋರದಂತೆ ತಡೆಯುವ ಕರಿ ಉಂಗುರವನ್ನು ಇಕ್ಕಳದಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟ. ಕಡ್ಡಿ ಅರ್ಜಿಯನ್ನು ಅಪ್ಪನ ಕೈಗೆ ಕೊಟ್ಟು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಉಂಗುರದ ಒಂದು ಮಗ್ಗುಲು ಗಾಜಿನಂತೆ ನುಣುಪು, ಇನ್ನೊಂದು ಮಗ್ಗುಲು ಸೀಳಿತ್ತು.

“ಮುಟ್ಟಬೇಡಮ್ಮ, ಕೈ ಕೊಯ್ಯುತ್ತೆ,” ಎಂದ ಅವನು.

“ಒಂದೇ ಉಂಗುರ ತಾನೇ? ಒಂದು ಕಡೆ ನುಣ್ಣಗಾಗಿ ಇನ್ನೊಂದು ಕಡೆ ಯಾಕೆ ಒಡೀತು?”

ಮೆಕ್ಯಾನಿಕ್ ಇಕ್ಕಳ ಕೆಳಗಿಟ್ಟು ಉಂಗುರವನ್ನೇ ನೋಡಿದ. ಎಷ್ಟೋ ಸೀಲು ಬಿಚ್ಚಿ ಎಸೆದಿದ್ದವನು.

“ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ,” ಎಂದ.